1930ರ ಕಾಗದವನ್ನು ಎಲ್ಲಿಂದ ತರಬೇಕು?

ಕಲಬುರಗಿ ಜಿಲ್ಲೆಯ ಚಿಂಚೋಳಿ ತಾಲ್ಲೂಕಿನ ಕುಂಚಾವರಂ ಕಾಡಂಚಿನ ಲಂಬಾಣಿ ತಾಂಡಾವೊಂದರಲ್ಲಿ ಹಿರಿಯರೊಬ್ಬರು ತಗಡಿನ ಟ್ರಂಕು ತೆರೆದು ತಮ್ಮಲ್ಲಿದ್ದ ಕಾಗದಗಳನ್ನೆಲ್ಲ ನನ್ನ ಮುಂದೆ ಹರಡಿದರು: ರೇಷನ್ ಕಾರ್ಡು, ಮತದಾರರ ಚೀಟಿ, ಕಾಡಿನಲ್ಲಿ ಉಳುಮೆ ಮಾಡಿದ್ದಕ್ಕೆ ದಂಡ ಕಟ್ಟಿದ ರಸೀದಿ. "ಇವು ಸಾಲಂಗಿಲ್ಲಂತ, ನಮ್ಮ ಮುತ್ಯಾನ ಕಾಲದ ಕಾಗದ ಬೇಕಂತ. ಎಲ್ಲಿಂದ ತರಬೇಕ್ರೀ?" ಎಂದು ಕೇಳಿದರು. ಉಳುತ್ತಿರುವ ಕಾಡಿನ ಭೂಮಿಯ ಹಕ್ಕಿಗಾಗಿ ಅವರು ಹಾಕಿದ್ದ ಅರ್ಜಿ ತಿರಸ್ಕೃತವಾಗಿತ್ತು.

2006ರ ಅರಣ್ಯ ಹಕ್ಕು ಕಾಯ್ದೆಯ ಪ್ರಕಾರ ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕಿಂತ ಮೊದಲಿನಿಂದ ಕಾಡಿನ ಭೂಮಿಯನ್ನು ಸಾಗು ಮಾಡುತ್ತಿದ್ದರೆ ಹಕ್ಕಿಗೆ ಅರ್ಹರು. ಇತರ ಪಾರಂಪರಿಕ ಅರಣ್ಯವಾಸಿಗಳಾದರೆ ಆ ದಿನಕ್ಕೆ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷ, ಕಾಡನ್ನೇ ನೆಚ್ಚಿ ಬದುಕಿದ್ದನ್ನು ತೋರಿಸಬೇಕು. ಲಂಬಾಣಿ ಸಮುದಾಯ ನಮ್ಮ ರಾಜ್ಯದಲ್ಲಿ ಪರಿಶಿಷ್ಟ ಜಾತಿಯಲ್ಲಿದೆ, ಗಡಿಯಾಚೆಯ ತೆಲಂಗಾಣದಲ್ಲಿ ಪರಿಶಿಷ್ಟ ಪಂಗಡದಲ್ಲಿದೆ. ಹೆಣ್ಣು ಕೊಟ್ಟು ತಂದುಕೊಳ್ಳುವ ತಾಂಡಾಗಳ ನಡುವೆ ಗಡಿಗೆರೆ ಬಿದ್ದ ಮಾತ್ರಕ್ಕೆ ಈಚೆಯವರು ‘ಇತರ’ರ ಸಾಲಿಗೆ ಸೇರಿ 1930ರವರೆಗೆ ಹಿಂದಕ್ಕೆ ಹೋಗಬೇಕಾಗಿದೆ. ಆಗ ಇದು ನಿಜಾಮರ ಹೈದರಾಬಾದ್ ಸಂಸ್ಥಾನ, ಕಚೇರಿಯ ಭಾಷೆ ಉರ್ದು. ಕಾಡಿನ ನಡುವೆ ಜೋಳ, ತೊಗರಿ ಬಿತ್ತಿಕೊಂಡಿದ್ದ ಬಡವನ ಹೆಸರನ್ನು ಆ ದಫ್ತರುಗಳಲ್ಲಿ ಬರೆದಿಟ್ಟವರು ಯಾರು?

ಕಾಯ್ದೆ ಇಂಥ ಕಾಗದವನ್ನು ಕೇಳಿಯೇ ಇಲ್ಲ ಎಂಬುದು ನನಗೆ ಇನ್ನೂ ಹೆಚ್ಚಿನ ನೋವಿನ ಸಂಗತಿ. 75 ವರ್ಷದ ಷರತ್ತು ವಾಸಕ್ಕೆ ಮತ್ತು ಅವಲಂಬನೆಗೆ ಸಂಬಂಧಿಸಿದ್ದೇ ಹೊರತು ಅದೇ ಹೊಲವನ್ನು ಅಷ್ಟು ಕಾಲ ಉತ್ತಿರಬೇಕೆಂದಲ್ಲ. ಅರ್ಜಿದಾರರಲ್ಲದ ಹಿರಿಯರ ಹೇಳಿಕೆಯನ್ನು ಬರೆದುಕೊಂಡರೆ ಅದೂ ಸಾಕ್ಷ್ಯ. ಹಳೆಯ ಬಾವಿ, ಹೊಲದ ಒಡ್ಡು, ಸ್ಮಶಾನ, ಲಂಬಾಣಿಗರ ಸಂತ ಸೇವಾಲಾಲರ ಗುಡಿಯಂಥ ಪೂಜಾಸ್ಥಳ, ಇವೂ ಸಾಕ್ಷ್ಯ. ಇಂಥದೇ ದಾಖಲೆ ಬೇಕೆಂದು ಹಟ ಹಿಡಿಯಬಾರದೆಂದು 2012ರ ತಿದ್ದುಪಡಿ ನಿಯಮಗಳು ಅರ್ಜಿಗಳನ್ನು ಪರಿಶೀಲಿಸುವ ಉಪವಿಭಾಗ ಮತ್ತು ಜಿಲ್ಲಾ ಮಟ್ಟದ ಸಮಿತಿಗಳಿಗೆ ಸ್ಪಷ್ಟವಾಗಿ ಹೇಳಿವೆ.

ಚಿಂಚೋಳಿ ಕಾಡು 2011ರಲ್ಲಿ ವನ್ಯಜೀವಿಧಾಮವಾಯಿತು. ಹಕ್ಕು ಕೊಟ್ಟರೆ ಕಾಡು ಉಳಿಯದು ಎನ್ನುವ ಗೆಳೆಯರಿದ್ದಾರೆ. ಅವರ ಕಾಳಜಿಯನ್ನು ಗೌರವಿಸುತ್ತೇನೆ. ಆದರೆ ಈ ಭೂಮಿಯನ್ನು ಮಾರುವಂತಿಲ್ಲ, ಅದು 4 ಹೆಕ್ಟೇರ್ ಮೀರುವಂತಿಲ್ಲ, ಹೊಸದಾಗಿ ಕಡಿದ ಜಾಗಕ್ಕೆ ಹಕ್ಕು ಸಿಗುವುದೂ ಇಲ್ಲ. ವನ್ಯಜೀವಿಧಾಮಕ್ಕೂ ಅನ್ವಯಿಸುವ ಈ ಕಾಯ್ದೆ ಕಾಡು ಕಾಯುವ ಅಧಿಕಾರವನ್ನು ಗ್ರಾಮಸಭೆಗೂ ಕೊಟ್ಟಿದೆ.

ತಿರಸ್ಕೃತವಾದ ಅರ್ಜಿಗಳನ್ನು ಮತ್ತೆ ಗ್ರಾಮಸಭೆಯ ಮುಂದೆ ತರಬೇಕು. ತಾಂಡಾದ ಮುಖಂಡರಾದ ನಾಯಕ, ಕಾರಭಾರಿಗಳನ್ನು ಕೂರಿಸಿಕೊಂಡು ಎಂಬತ್ತು ದಾಟಿದವರ ಮಾತನ್ನು ಈ ಬೇಸಿಗೆಯಲ್ಲೇ ಬರೆದುಕೊಳ್ಳಬೇಕು. ನಾನು ಹೋಗಿದ್ದ ತಾಂಡಾದಲ್ಲಿ ಅಂಥವರು ಈಗ ಉಳಿದಿರುವುದು ಮೂವರು ಮಾತ್ರ.