ಬದಿಗೆ ಸರಿದು ನಿಂತ ನಾಯಕ

ವೈಬ್ರಾಫೋನ್ ವಾದನದ ಕೈಚಳಕವನ್ನಷ್ಟೇ ಬಯಸಿ ಅಮೆರಿಕದ ಜಾಝ್ ವಾದಕ ಬಾಬಿ ಹಚರ್ಸನ್ ಅವರ ‘ಡಯಲಾಗ್’ ಆಲ್ಬಂ ಕೇಳಲು ಕುಳಿತವರಿಗೆ ಮೊದಲ ಸಲ ನಿರಾಸೆಯಾದರೆ ಅದರಲ್ಲಿ ಆಶ್ಚರ್ಯವಿಲ್ಲ. 1965ರ ಏಪ್ರಿಲ್ 3ರಂದು ನ್ಯೂಜೆರ್ಸಿಯ ರೂಡಿ ವಾನ್ ಗೆಲ್ಡರ್ ಸ್ಟುಡಿಯೊದಲ್ಲಿ ಬ್ಲೂ ನೋಟ್ ಎಂಬ ಜಾಝ್ ರೆಕಾರ್ಡ್ ಸಂಸ್ಥೆಗಾಗಿ ಧ್ವನಿಮುದ್ರಣಗೊಂಡ ಇದು, ಹಚರ್ಸನ್ ಅವರ ನಾಯಕತ್ವದಲ್ಲಿ ಹೊರಬಂದ ಮೊದಲ ಆಲ್ಬಂ. ಆಗ ಅವರಿಗೆ 24 ವರ್ಷ. ಆ ವಯಸ್ಸಿನಲ್ಲಿ ಅಂಥ ಅವಕಾಶ ಒದಗಿದವರು ತಮ್ಮ ರಚನೆಗಳನ್ನೇ ಮುಂದಿಡುವುದು ಸಹಜ. ಇಲ್ಲಿ ಅವರ ರಚನೆ ಒಂದೂ ಇಲ್ಲ: ಮೂಲ ಎಲ್‌ಪಿಯ ಐದರಲ್ಲಿ ಮೂರು ಪಿಯಾನೊ ವಾದಕ ಆಂಡ್ರ್ಯೂ ಹಿಲ್ ಅವರವು, ಎರಡು ಡ್ರಮ್ಸ್ ನುಡಿಸಿದ ಜೋ ಚೇಂಬರ್ಸ್ ಅವರವು. ಇದನ್ನು ವಿನಯವೆಂದು ಹೊಗಳಬಹುದು. ನನಗೆ ಮಾತ್ರ ಇದರಲ್ಲಿ ಕಾಣುವುದು ಚೆನ್ನಾಗಿ ಯೋಚಿಸಿ ಮಾಡಿದ ಸಂಗೀತದ ಲೆಕ್ಕಾಚಾರ.

ವೈಬ್ರಾಫೋನಿನ ಲೋಹದ ಪಟ್ಟಿಗಳನ್ನು ಕೋಲಿನಿಂದ ಬಾರಿಸಿದಾಗ ಹುಟ್ಟುವ ನಾದ ಕೆಳಗಿನ ಕೊಳವೆಗಳಲ್ಲಿ ತುಂಬಿಕೊಳ್ಳುತ್ತದೆ. ಕೊಳವೆಗಳ ಬಾಯಲ್ಲಿ ಮೋಟಾರಿನಿಂದ ತಿರುಗುವ ಬಿಲ್ಲೆಗಳು ಅದಕ್ಕೆ ಕಂಪನ ಕೊಡುತ್ತವೆ, ಕಾಲಡಿಯ ಪೆಡಲ್ ಅದನ್ನು ಉಳಿಸುತ್ತದೆ ಅಥವಾ ತಡೆಯುತ್ತದೆ. (ನಮ್ಮ ಜಲತರಂಗದಂತೆ ಇಲ್ಲಿಯೂ ಗಮಕಕ್ಕೆ ಹೆಚ್ಚು ಅವಕಾಶವಿಲ್ಲ, ವಾದಕರು ಮನೋಧರ್ಮವನ್ನು ಬೇರೆ ದಾರಿಯಲ್ಲಿ ತೋರಿಸಬೇಕು.) ಹೀಗೆ ದೀರ್ಘವಾಗಿ ಅನುರಣಿಸುವ ವಾದ್ಯದ ಪಕ್ಕದಲ್ಲಿ ಪಿಯಾನೊ ಇಟ್ಟರೆ ಎರಡರ ಸ್ವರಗಳೂ ಒಂದರ ಮೇಲೊಂದು ಬಿದ್ದು ಕಲಸಿಹೋಗುವ ಅಪಾಯ ಯಾವಾಗಲೂ ಇರುತ್ತದೆ. ಹಿಂದಿನ ವರ್ಷ ಸ್ಯಾಕ್ಸೊಫೋನ್ ವಾದಕ ಎರಿಕ್ ಡಾಲ್ಫಿ ಅವರ ‘ಔಟ್ ಟು ಲಂಚ್’ ಆಲ್ಬಂನಲ್ಲಿ ಪಿಯಾನೊ ಇರಲಿಲ್ಲ, ಅದರ ಜಾಗವನ್ನು ಹಚರ್ಸನ್ ಒಬ್ಬರೇ ತುಂಬಿದ್ದರು. ‘ಡಯಲಾಗ್’ನಲ್ಲಿ ಅವರು ಕರೆದುಕೊಂಡದ್ದು ಹಿಲ್ ಅವರಂಥ, ಮುರಿದ ಲಯದ, ಒರಟು ಸ್ವರಗುಚ್ಛಗಳ ಪಿಯಾನೊ ವಾದಕರನ್ನು. ಹಿಲ್ ನುಡಿಸುವಾಗ ಹಚರ್ಸನ್ ಎರಡು ಸ್ವರ ಹಾಕಿ ಸುಮ್ಮನಾಗುತ್ತಾರೆ. ಕೆಲವೆಡೆ ಮರದ ಪಟ್ಟಿಗಳ ಮರಿಂಬಾಕ್ಕೆ ಹೊರಳುತ್ತಾರೆ, ಏಕೆಂದರೆ ಅದರ ನಾದ ಬೇಗ ಆರಿ ಪಿಯಾನೊಗೆ ದಾರಿ ಬಿಡುತ್ತದೆ.

ಆಲ್ಬಂನ ಹೆಸರನ್ನೇ ಹೊತ್ತ ಚೇಂಬರ್ಸ್ ಅವರ ರಚನೆಯಲ್ಲಿ ಈ ಲೆಕ್ಕಾಚಾರ ಪೂರ್ತಿಯಾಗಿ ಫಲಿಸಿದೆ. ಸುಮಾರು ಹತ್ತು ನಿಮಿಷದ ಅದರಲ್ಲಿ ಮುಖ್ಯ ವಾದಕರು ಯಾರು, ಪಕ್ಕವಾದ್ಯದವರು ಯಾರು ಎಂದು ಹೇಳಲಾಗದು. ಫ್ರೆಡಿ ಹಬರ್ಡ್ ಅವರ ಟ್ರಂಪೆಟ್, ಸ್ಯಾಮ್ ರಿವರ್ಸ್ ಊದುವ ವಾದ್ಯಗಳು, ರಿಚರ್ಡ್ ಡೇವಿಸ್ ಅವರ ಬಾಸ್ ಒಂದರ ಮಾತನ್ನು ಇನ್ನೊಂದು ಅರ್ಧಕ್ಕೇ ಎತ್ತಿಕೊಳ್ಳುತ್ತವೆ. ಮೊದಲ ಸಲ ಗದ್ದಲವೆನಿಸುವುದು ಕೇಳುತ್ತ ಕೇಳುತ್ತ ಆರು ಜನರ ಎಚ್ಚರವಾಗಿ ಬಿಡಿಸಿಕೊಳ್ಳುತ್ತದೆ. ಹಿಲ್ ಅವರ ‘ಲೇ ನ್ವಾರ್ ಮಾರ್ಶ್’ ಕಪ್ಪು ಜನರ ನಡಿಗೆಯನ್ನು ಹೆಸರಿನಲ್ಲೇ ಇಟ್ಟುಕೊಂಡ ಮಾರ್ಚ್. ಕಪ್ಪು ಜನರ ಮತದಾನದ ಹಕ್ಕಿಗಾಗಿ ಅಮೆರಿಕದ ಅಲಬಾಮಾ ರಾಜ್ಯದ ಸೆಲ್ಮಾದಿಂದ ಮಾಂಟ್‌ಗೊಮರಿಗೆ ಜನ ನಡೆದುಹೋಗಿ ಆಗಿನ್ನೂ ಎರಡು ವಾರವೂ ಕಳೆದಿರಲಿಲ್ಲ. ಸಾಲುಗಟ್ಟಿ ಹೊರಟ ತಾಳ ಇಲ್ಲಿ ಚದುರುತ್ತದೆ, ಮತ್ತೆ ಕೂಡಿಕೊಳ್ಳುತ್ತದೆ. ಅದನ್ನು ಬರೀ ಪ್ರಯೋಗವೆಂದು ಕೇಳುವುದು ನನ್ನಿಂದಾಗದು.

ಚೇಂಬರ್ಸ್ ಅವರ ಇನ್ನೊಂದು ರಚನೆ ‘ಐಡಲ್ ವೈಲ್’ ಸೊಗಸಾಗಿದೆ, ಆದರೆ ಉಳಿದವುಗಳ ನಡುವೆ ತುಸು ಸಾಧುವಾಗಿ ಕೇಳಿಸುತ್ತದೆ.

ಸ್ವಂತ ರಚನೆಗಳ ಕೊರತೆಯಿಂದ ಹಚರ್ಸನ್ ಹೀಗೆ ಮಾಡಿದರೆಂದು ಯಾರಿಗಾದರೂ ಅನಿಸಿದರೆ, ಅದೇ ವರ್ಷದ ಜೂನ್‌ನಲ್ಲಿ ಮುದ್ರಿಸಿದ ‘ಕಾಂಪೊನೆಂಟ್ಸ್’ ಕೇಳಬೇಕು. ಅದರ ಒಂದು ಬದಿಯ ತುಂಬ ಅವರ ರಚನೆಗಳೇ ಇವೆ. ಮಗನಿಗಾಗಿ ಬರೆದ ‘ಲಿಟಲ್ ಬೀಸ್ ಪೊಯೆಮ್’ ಕೂಡ ಅಲ್ಲೇ ಇದೆ. ಆದರೂ ಎರಡರಲ್ಲಿ ಒಂದನ್ನು ಆರಿಸು ಎಂದರೆ ನಾನು ‘ಡಯಲಾಗ್’ ಅನ್ನೇ ಆರಿಸುತ್ತೇನೆ.