ದೊಡ್ಡಮ್ಮನ ದಮ್ಮು, ದೊಡ್ಡಮ್ಮನ ವಸಡು

ನಮ್ಮ ದೊಡ್ಡಮ್ಮನಿಗೆ ದಮ್ಮು. ಡಾಕ್ಟರ್ ಚೀಟಿಯಲ್ಲಿ ಅದರ ಹೆಸರು ಸಿಒಪಿಡಿ, ಅಂದರೆ ಶ್ವಾಸನಾಳ ಕಿರಿದಾಗಿ ಉಸಿರಾಡುವುದೇ ಕಷ್ಟವಾಗುವ, ಪೂರ್ತಿ ವಾಸಿಯಾಗದ ಕಾಯಿಲೆ. ಬೀಡಿ ಮುಟ್ಟಿದವರಲ್ಲ. 35 ವರ್ಷ ಸೌದೆ ಒಲೆ ಮುಂದೆ ಕೂತು ಊದುಕೊಳವೆ ಊದಿದವರು. ಹಸಿ ಸೌದೆಯ ಹೊಗೆ ಬೀಡಿಗಿಂತ ಏನೂ ಕಡಿಮೆಯಲ್ಲ. ಈಗ ಮನೇಲಿ ಗ್ಯಾಸ್ ಇದೆ, ಆದರೆ ಶ್ವಾಸಕೋಶಕ್ಕೆ ಆಗಿದ್ದು ಆಗಿಹೋಯಿತು. ಮಳೆ ಶುರುವಾದರೆ ಕಫ, ನೆಬುಲೈಸರ್, ಒಂದೆರಡು ದಿನ ಅಡ್ಮಿಟ್.

ಈ ಸಲ ಜೊತೆಗೆ ನಾನು ಹೋಗಿದ್ದೆ. ಎಕ್ಸ್‌ರೇ ಆಯಿತು, ರಕ್ತ ಕೊಟ್ಟಿದ್ದಾಯಿತು, ಊದಿಸುವ ಟೆಸ್ಟೂ ಆಯಿತು. ಒಬ್ಬರು "ಆ ಅನ್ನಿ ಅಮ್ಮ" ಅಂತ ಟಾರ್ಚ್ ಕೂಡ ಬಿಟ್ಟರು. ಬೆಳಕು ಹಲ್ಲು ದಾಟಿ ಸೀದಾ ಗಂಟಲಿಗೆ ಹೋಯಿತು. ಅವರ ಕೆಳಗಿನ ಹಲ್ಲುಗಳ ಹಿಂದೆ ಗಾರೆ ಮೆತ್ತಿದ ಹಾಗೆ ಕಿಟ್ಟ ಕೂತಿದೆ. ಉಜ್ಜಿದರೆ ರಕ್ತ. ಕೇಳಿದರೆ "ವಯಸ್ಸಾದ ಮೇಲೆ ಎಲ್ಲರಿಗೂ ಬರುತ್ತೆ ಬಿಡೋ" ಅಂತಾರೆ.

ಬರಬಾರದು. ಗಟ್ಟಿ ವಸಡಿನಿಂದ ರಕ್ತ ಬರುವುದಿಲ್ಲ.

ಹಲ್ಲಿಗೂ ಎದೆಗೂ ಏನು ಸಂಬಂಧ ಅಂತೀರಾ? ನಿದ್ದೆಯಲ್ಲಿ ನಾವೆಲ್ಲ ಒಂದಿಷ್ಟು ಎಂಜಲನ್ನು ಗೊತ್ತಿಲ್ಲದೆ ಉಸಿರಿನ ಜೊತೆ ಎಳೆದುಕೊಳ್ಳುತ್ತೇವೆ. ಆರೋಗ್ಯವಂತರ ಶ್ವಾಸನಾಳದಲ್ಲಿ ಸಣ್ಣ ಕೂದಲಂಥ ಎಳೆಗಳಿರುತ್ತವೆ. ಅವು ಬಂದದ್ದನ್ನು ಮೇಲಕ್ಕೆ ಗುಡಿಸಿ ಹಾಕುತ್ತವೆ. ಹೊಗೆ ಕುಡಿದ ಎದೆಯಲ್ಲಿ ಆ ಪೊರಕೆಯೇ ಸವೆದುಹೋಗಿರುತ್ತದೆ. ಇನ್ನು ವಸಡು ಕೆಟ್ಟರೆ ಹಲ್ಲಿನ ಬುಡದಲ್ಲಿ ಸಂದು ಬೀಳುತ್ತದೆ. 4 ಮಿಲಿಮೀಟರ್‌ಗೂ ಆಳವಾದರೆ ಬ್ರಷ್ ಅಲ್ಲಿಗೆ ತಲುಪುವುದೇ ಇಲ್ಲ. ಅಲ್ಲಿ ಬೆಳೆದ ರೋಗಾಣು ರಾತ್ರಿ ಎಂಜಲಿನ ಜೊತೆ ಕೆಳಗಿಳಿಯುತ್ತದೆ. ಇನ್ನೊಂದು ದಾರಿ ರಕ್ತದ್ದು. ವಸಡಿನ ಉರಿಯೂತ ವಸಡಿನಲ್ಲೇ ನಿಲ್ಲದೆ ಮೈಯೆಲ್ಲ ಓಡಾಡುತ್ತದೆ, ಮೊದಲೇ ಕೆರಳಿರುವ ಎದೆಯನ್ನು ಇನ್ನಷ್ಟು ಕೆರಳಿಸಬಹುದು.

ಹಾಗಂತ ವಸಡಿನ ಕಾಯಿಲೆಯೇ ಸಿಒಪಿಡಿ ತರುತ್ತದೆ ಅಂತ ವಾಟ್ಸಾಪ್‌ನಲ್ಲಿ ಬಂದರೆ ನಂಬಬೇಡಿ. ಅದು ಸಾಬೀತಾಗಿಲ್ಲ. ಎರಡರ ಹಿಂದೆಯೂ ಒಬ್ಬನೇ ಕಳ್ಳ ಇರುವುದೇ ಜಾಸ್ತಿ: ಬೀಡಿ, ಸಿಗರೇಟು. ಈ ಕಳ್ಳ ಬಲು ಜಾಣ. ನಿಕೋಟಿನ್ ವಸಡಿನ ರಕ್ತನಾಳಗಳನ್ನು ಬಿಗಿಮಾಡುತ್ತದೆ. ಹಾಗಾಗಿ ಸೇದುವವರ ವಸಡು ಒಳಗೆ ಕೊಳೆಯುತ್ತಿದ್ದರೂ ರಕ್ತ ಅಷ್ಟಾಗಿ ಬರುವುದಿಲ್ಲ. "ನನಗೆ ರಕ್ತಾನೇ ಬರಲ್ಲ" ಅಂತ ಬೀಗುವ ನಮ್ಮ ಚಿಕ್ಕಪ್ಪನಂಥವರು ಇದನ್ನು ಎರಡು ಸಲ ಓದಿ.

ಚೀನಾದಲ್ಲಿ ಸಿಒಪಿಡಿಯೂ ವಸಡಿನ ಕಾಯಿಲೆಯೂ ಇದ್ದ 60 ಜನರನ್ನು ಮೂರು ಗುಂಪು ಮಾಡಿ ಎರಡು ವರ್ಷ ನೋಡಿದರು. ಫಲಿತಾಂಶ ಬಂದದ್ದು 2014ರಲ್ಲಿ. ಹಲ್ಲು ಕ್ಲೀನ್ ಮಾಡಿಸಿಕೊಂಡವರ ಉಸಿರಾಟ ಬರೀ ಸಲಹೆ ಪಡೆದವರಿಗಿಂತ ಚೆನ್ನಾಗಿತ್ತು, ದಮ್ಮು ಕೆರಳಿದ್ದೂ ಕಡಿಮೆ. 60 ಜನ ಅಂದರೆ ಏನೇನೂ ಸಾಲದು, ಒಪ್ಪುತ್ತೇನೆ. ಆದರೆ ಜಪಾನಿನದು ನೋಡಿ. ಅದು ಸಿಒಪಿಡಿ ಅಲ್ಲ, ನ್ಯುಮೋನಿಯಾ ಬಗ್ಗೆ. 11 ವೃದ್ಧಾಶ್ರಮಗಳಲ್ಲಿ ಕೆಲವರಿಗೆ ಪ್ರತಿ ಊಟದ ನಂತರ ಸಿಬ್ಬಂದಿಯೇ ಹಲ್ಲುಜ್ಜಿಸಿದರು. ಎರಡು ವರ್ಷದಲ್ಲಿ ಅವರಲ್ಲಿ ನೂರಕ್ಕೆ 11 ಜನರಿಗೆ ನ್ಯುಮೋನಿಯಾ ಬಂತು, ಉಳಿದವರಲ್ಲಿ 19. ಹೊಸ ಔಷಧಿಯೊಂದು ಇಷ್ಟು ಮಾಡಿದ್ದರೆ ಪೇಪರಿನ ಮೊದಲ ಪುಟಕ್ಕೆ ಬರುತ್ತಿತ್ತು. ಬ್ರಷ್ಷಿನ ಸುದ್ದಿ ಯಾರಿಗೆ ಬೇಕು?

ನನ್ನ ತಕರಾರು ಇಷ್ಟೇ. ಎದೆ ಡಾಕ್ಟರ್ ಚೀಟಿಯಲ್ಲಿ "ಹಲ್ಲಿನ ಡಾಕ್ಟರಿಗೆ ತೋರಿಸಿ" ಅಂತ ಒಂದು ಸಾಲು ಬರೆದರೆ ಏನು ಕಷ್ಟ? ಇನ್‌ಹೇಲರ್ ಕೊಡುತ್ತಾರೆ, ಸ್ಟೀರಾಯ್ಡ್ ಇರುವುದನ್ನು ಎಳೆದ ಮೇಲೆ ಬಾಯಿ ಮುಕ್ಕಳಿಸಿ ಉಗಿಯಬೇಕು ಅಂತ ಎಷ್ಟು ಜನ ಹೇಳುತ್ತಾರೆ? ಮುಕ್ಕಳಿಸದಿದ್ದರೆ ನಾಲಿಗೆ ಮೇಲೆ ಬೆಳ್ಳಗೆ ಬೂಷ್ಟು ಬರಬಹುದು. ದೊಡ್ಡಮ್ಮನಿಗೆ ಬಂದಿತ್ತು. ಹಾಲು ಕುಡಿದದ್ದಕ್ಕೆ ಹಾಗಾಗಿದೆ ಅಂದುಕೊಂಡು ತಿಂಗಳುಗಟ್ಟಲೆ ಸುಮ್ನೆ ಇದ್ದರು. ಇನ್ನು ವಿಮೆಯವರ ಕಥೆ ಬೇರೆ. ಎದೆಗೆ ಅಡ್ಮಿಟ್ ಆದರೆ ದುಡ್ಡು ಬರುತ್ತದೆ, ಹಲ್ಲು ಕ್ಲೀನಿಂಗ್ ಅಂದರೆ ಬಹುಪಾಲು ಪಾಲಿಸಿಗಳು ಮುಖ ತಿರುಗಿಸುತ್ತವೆ. ಬಾಯಿ ಏನು ಬಾಡಿಗೆಗೆ ತಂದದ್ದಾ?

ಕೊನೆಗೆ ನಾನೇ ಹಠ ಮಾಡಿ ಕರೆದುಕೊಂಡು ಹೋದೆ. "ಕ್ಲೀನ್ ಮಾಡಿಸಿದ್ರೆ ಹಲ್ಲು ಸಡಿಲ ಆಗುತ್ತೆ, ಪಕ್ಕದ್ಮನೆಯವಳಿಗೆ ಆಯ್ತು" ಅಂತ ದಾರಿಯುದ್ದಕ್ಕೂ ಗೊಣಗಾಟ. ಸಡಿಲ ಮಾಡಿದ್ದು ಕಿಟ್ಟ, ಅದು ಹೋದ ಮೇಲೆ ಗೊತ್ತಾಗುತ್ತದೆ ಅಷ್ಟೇ. ಎರಡು ಸಲ ಕೂರಿಸಿ ತೆಗೆದರು. ಮಲಗಿಸಿದರೆ ಉಸಿರು ಕಟ್ಟುತ್ತದೆ ಅಂತ ಮೊದಲೇ ಹೇಳಿದ್ದೆವು, ಕುರ್ಚಿಯನ್ನು ನೇರವಾಗಿಯೇ ಇಟ್ಟಿದ್ದರು. ದಮ್ಮು ಕಡಿಮೆಯಾಯಿತಾ ಅಂತ ಕೇಳಬೇಡಿ, ಈಗಿನ್ನೂ ಎರಡು ತಿಂಗಳು. ವಸಡಿನ ರಕ್ತವಂತೂ ನಿಂತಿದೆ.

ನಿನ್ನೆ ಫೋನ್ ಮಾಡಿದ್ದರು. "ಲೋ, ಹಲ್ಲಿನ ಮಧ್ಯೆ ಎಲ್ಲ ಕಿಂಡಿ ಬಿಟ್ಟಿದೆ ಕಣೋ, ಗಾಳಿ ಹೋಗ್ತದೆ."

ಹೋಗಲಿ ಬಿಡಿ ದೊಡ್ಡಮ್ಮ, ಗಾಳಿ ತಾನೇ ಅಂದೆ. ಬೈದು ಫೋನ್ ಇಟ್ಟರು.