ರೂಸ್‌ವೆಲ್ಟ್ ಪ್ರಾರ್ಥನೆ ನಸುಕಿನದಲ್ಲ, ರಾತ್ರಿಯದು

'ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ ನಸುಕಿನಲ್ಲಿ ರೇಡಿಯೊದಲ್ಲಿ ಪ್ರಾರ್ಥಿಸಿದರು, ಆಮೇಲೆ ಸೈನಿಕರು ನಾರ್ಮಂಡಿ ತೀರಕ್ಕೆ ಇಳಿದರು' ಅಂತ ಒಂದು ಮೆಸೇಜ್ ಬೆಳಗಿನ ಪ್ರಾರ್ಥನೆಯ ಗುಂಪುಗಳಲ್ಲಿ ಓಡಾಡುತ್ತಿದೆ. ಇದು ಉಲ್ಟಾ ಆಗಿದೆ. ಎರಡನೇ ಮಹಾಯುದ್ಧದಲ್ಲಿ, 1944ರ ಜೂನ್ 6ರಂದು, ಫ್ರಾನ್ಸ್‌ನ ನಾರ್ಮಂಡಿಯಲ್ಲಿ ಒಮಾಹಾ, ಯೂಟಾ ಎಂಬ ಗುಪ್ತನಾಮದ ತೀರಗಳಲ್ಲಿ ಅಮೆರಿಕದ ಸೈನಿಕರು ದೋಣಿಯಿಂದ ನೀರಿಗೆ ಇಳಿಯತೊಡಗಿದ್ದು ಬೆಳಗ್ಗೆ 6.30ರ ಹೊತ್ತಿಗೆ. ಕೆಲವರಿಗೆ ಎದೆಮಟ್ಟದ ನೀರು, ಬೆನ್ನ ಮೇಲೆ ಒದ್ದೆ ಚೀಲದ ಭಾರ. ರೂಸ್‌ವೆಲ್ಟ್ ಪ್ರಾರ್ಥನೆ ಓದಿದ್ದು ಅದೇ ದಿನ ರಾತ್ರಿ.

ಆದರೆ ಅದರಲ್ಲಿ ಬೆಳಗಿನ ಮಾತೂ ಇದೆ. ಒಂದು ದಿನದ ವಿಶೇಷ ಪ್ರಾರ್ಥನೆಗೆ ಕರೆ ಕೊಡಿ ಎಂದು ಹಲವರು ಕೇಳಿದ್ದರಂತೆ. ರೂಸ್‌ವೆಲ್ಟ್ ಒಪ್ಪಲಿಲ್ಲ. ದಾರಿ ದೂರ ಇದೆ, ದಿನಾ ಏಳುವಾಗಲೂ ದಿನ ಮುಗಿದಾಗಲೂ ಪ್ರಾರ್ಥಿಸಿ ಎಂದರು. ನನಗಂತೂ ಈ ಮಾತೇ ಜಾಸ್ತಿ ತಟ್ಟಿತು. ಮೆಸೇಜ್ ಕಳಿಸುವವರು ದಯವಿಟ್ಟು ಹೊತ್ತು ತಿದ್ದಿ, ಈ ಮಾತು ಸೇರಿಸಿ ಕಳಿಸಿ.